ಸಣ್ಣಮ್ಮ ತಿನ್ನದ ಚಿಗಳಿ

ಅಡುಗೆಮನೆಯಿಂದ ಎಳ್ಳು ಹುರಿಯುವ ವಾಸನೆ ಬಂತೆಂದರೆ ನಾಳೆ ನಾಗರಪಂಚಮಿ ಎಂದು ತಿಳಿಯಲು ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಬೇಕಿಲ್ಲ. ಇವತ್ತು ಬೆಳಿಗ್ಗೆ ಆ ವಾಸನೆ ಬಂದಾಗ ನಾನಿನ್ನೂ ಹಾಸಿಗೆಯಲ್ಲೇ ಬಿದ್ದುಕೊಂಡಿದ್ದೆ. ಇತ್ತೀಚೆಗೆ ಎಷ್ಟು ಮಲಗಿದರೂ ದಣಿವು ಹೋಗುವುದಿಲ್ಲ. ವಯಸ್ಸು ಐವತ್ತರ ಹತ್ತಿರ ಬಂತು. ಮುಟ್ಟು ಎರಡು ತಿಂಗಳು ನಾಪತ್ತೆಯಾಗಿ, ಆಮೇಲೆ ಹೇಳದೆ ಕೇಳದೆ ಬಂದುಬಿಡುತ್ತದೆ, ಥೇಟ್ ಬಳ್ಳಾರಿಯ ನಮ್ಮ ಕೌಲ್ ಬಜಾರಿನ ನಲ್ಲಿ ನೀರಿನ ಹಾಗೆ.

ಎಳ್ಳು ಹುರಿಯುತ್ತಿದ್ದವರು ಸಣ್ಣಮ್ಮ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಎಳ್ಳು ಬೆಲ್ಲ ಕುಟ್ಟಿ ಕಟ್ಟುವ ಉಂಡೆಗೆ ನಮ್ಮ ಕಡೆ ಚಿಗಳಿ ಎನ್ನುತ್ತಾರೆ. ನಮ್ಮ ತೆಲುಗು ನೆಂಟರಿಗೆ ಅದೇ ಚಿಮ್ಮಿಲಿ. ಹೆಸರು ಏನೇ ಇರಲಿ, ಸಣ್ಣಮ್ಮನ ಚಿಗಳಿಯಲ್ಲಿ ಬೆಲ್ಲ ಯಾವಾಗಲೂ ಒಂದು ಹಿಡಿ ಕಡಿಮೆ. ನಾವ್ಯಾರೂ ಹೇಳುವುದಿಲ್ಲ. ಅವರು ಅದನ್ನು ಬಾಯಿಗಿಡುವುದಿಲ್ಲ, ಯಾಕೆ ಇಡುವುದಿಲ್ಲ ಎಂಬುದು ಮನೆಗೆಲ್ಲ ಗೊತ್ತು.

ಕುರುಗೋಡಿನಿಂದ ಸಿರುಗುಪ್ಪದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಸಣ್ಣಮ್ಮನಿಗೆ ಹತ್ತೊಂಬತ್ತೋ ಇಪ್ಪತ್ತೋ. ನಾನಾಗ ಲಂಗ ಹಾಕಿಕೊಂಡು ಅವರ ಹಿಂದೆಯೇ ಸುತ್ತುವ ಹುಡುಗಿ. ಆ ಮನೆಯಲ್ಲಿ ಹೊರಗಾದ ಹೆಂಗಸರು ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಕೂರಬೇಕಿತ್ತು. ಹಿತ್ತಲ ಗೋಡೆಯೋ ಗಿಡ್ಡ. ಯಾರು ಕೂತಿದ್ದಾರೆ ಎಂಬುದಕ್ಕಿಂತ ಯಾರು ಕೂತಿಲ್ಲ ಎಂಬುದೇ ಓಣಿಗೆ ಬೇಗ ಕಾಣುತ್ತಿತ್ತು. ಸಣ್ಣಮ್ಮ ಎರಡು ತಿಂಗಳು ಕಟ್ಟೆಗೆ ಬರಲಿಲ್ಲ. ಅಷ್ಟು ಸಾಕಾಯಿತು, ಸೊಸೆಗೆ ತಿಂಗಳು ನಿಂತಿವೆ ಎಂದು ನಮ್ಮ ಅಜ್ಜಿ ಊರಿಗೆಲ್ಲ ಸಾರಿದರು. ಕುರುಗೋಡಿನಿಂದ ಸಣ್ಣಮ್ಮನ ತಾಯಿ ಹಸಿರು ಬಳೆ, ಬುತ್ತಿ ಹೊತ್ತುಕೊಂಡು ಬಂದರು. ತವರಿನಲ್ಲೂ ಮುಟ್ಟು ಹೀಗೇ ತಪ್ಪಿ ತಪ್ಪಿ ಬರುತ್ತಿತ್ತು ಎಂದು ಹೇಳಲು ಸಣ್ಣಮ್ಮನಿಗೆ ಹೊಳೆಯಲಿಲ್ಲ, ಕೇಳಿದವರೂ ಇಲ್ಲ. ಬಳೆ ತೊಟ್ಟ ಕೈ ನೋಡಿಕೊಂಡು ಅವರೂ ನಂಬಿದರು.

ಆ ವರ್ಷದ ಪಂಚಮಿಗೆ ಸಣ್ಣಮ್ಮ ಆಸೆಪಟ್ಟು ಚಿಗಳಿ ತಿಂದರು. ನನ್ನ ಕೈಗೂ ಒಂದು ಕೊಟ್ಟರು. ಮಾರನೆಯ ದಿನ ವಿಪರೀತ ರಕ್ತ ಹೋಯಿತು, ಗಡ್ಡೆ ಗಡ್ಡೆಯಾಗಿ. ಅಜ್ಜಿ ಬಾಗಿಲಲ್ಲಿ ನಿಂತು ಅಂದ ಮಾತು ನನಗಿನ್ನೂ ನೆನಪಿದೆ: “ಎಳ್ಳು ಉಷ್ಣ ಅಂತ ಗೊತ್ತಿದ್ದಿಲ್ಲೇನ? ನಾಲಗಿ ಚಪಲಕ್ಕ ಕೂಸನ್ನ ಇಳಿಸಿಕೊಂಡಿ.”

ಅಂದಿನಿಂದ ಸಣ್ಣಮ್ಮ ಎಳ್ಳು ಬಿಟ್ಟರು. ಆದರೂ ತಿಂಗಳು ನಿಲ್ಲುವುದು, ಊರಿಗೆಲ್ಲ ಸುದ್ದಿಯಾಗುವುದು, ಆಮೇಲೆ ಹಾಗೇ ರಕ್ತ ಹೋಗುವುದು, ಇದೆಲ್ಲ ಮತ್ತೆ ಮತ್ತೆ ನಡೆಯಿತು. ಮೊದಲ ಸಲವೇ ಕೆಟ್ಟ ಹೊಟ್ಟೆ, ಇನ್ನು ಬಸಿರು ನಿಲ್ಲುವುದಿಲ್ಲ ಎಂದು ಅಜ್ಜಿ ತೀರ್ಮಾನಿಸಿದರು. ಚಿಕ್ಕಪ್ಪನಿಗೆ ರಾರಾವಿಯಲ್ಲಿ ಇನ್ನೊಂದು ಹೆಣ್ಣು ನೋಡಿಬಂದದ್ದೂ ಆಯಿತು. ಚಿಕ್ಕಪ್ಪ ಒಲ್ಲೆ ಎಂದರು, ಊರು ದೇವರಂಥ ಮನುಷ್ಯ ಎಂದಿತು. ಆ ದೇವರಂಥ ಮನುಷ್ಯ ಹೆಂಡತಿಯನ್ನು ಒಂದು ಸಲವಾದರೂ ಬಳ್ಳಾರಿಗೆ ಕರೆತಂದು ತೋರಿಸಬಾರದಿತ್ತೇ, ನೀವೇ ಹೇಳಿ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದು ದಣಿವೇ.

ಹೋದ ತಿಂಗಳು ನನ್ನ ಮಗಳು ಮೇಘಾಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಡಿಗ್ರಿ ಓದುವ ಹುಡುಗಿ, ಮೂರು ತಿಂಗಳು ಕಳೆದರೂ ಮುಟ್ಟಾಗಿರಲಿಲ್ಲ. ನಾನೂ ಬರುತ್ತೇನೆ ಎಂದು ಸಣ್ಣಮ್ಮ ಹಟ ಹಿಡಿದರು. ಡಾಕ್ಟರಮ್ಮ ಸಮಾಧಾನದವರು. ನಿದ್ದೆ, ಊಟ, ತೂಕ, ಪರೀಕ್ಷೆಯ ಚಿಂತೆ ಎಲ್ಲ ಕೇಳಿ, ಥೈರಾಯ್ಡ್ ಪರೀಕ್ಷೆಗೂ ಸ್ಕ್ಯಾನಿಂಗಿಗೂ ಬರೆದುಕೊಟ್ಟರು. ಮುಟ್ಟು ತಡವಾಗಲು ನೂರು ಕಾರಣ ಇರುತ್ತವೆ, ತಡವಾದದ್ದೆಲ್ಲ ಬಸಿರಲ್ಲ. ಕೆಲವರಿಗೆ ಕೆಲವು ತಿಂಗಳು ಅಂಡಾಣುವೇ ಬಿಡುಗಡೆಯಾಗುವುದಿಲ್ಲ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಕೊನೆಗೆ ಇಳಿಯುವಾಗ ಗಡ್ಡೆ ಗಡ್ಡೆಯಾಗಿ ಇಳಿಯುತ್ತದೆ, ಇದಕ್ಕೆ ಔಷಧಿ ಇದೆ ಎಂದು ಬಿಡಿಸಿ ಹೇಳಿದರು.

ಗಡ್ಡೆ ಎಂದ ಕೂಡಲೇ ಮೂಲೆಯ ಕುರ್ಚಿಯಲ್ಲಿದ್ದ ಸಣ್ಣಮ್ಮ ತಲೆಯೆತ್ತಿದರು.

“ಎಳ್ಳು ತಿಂದ್ರ ಬಸಿರು ಇಳೀತೈತೇನ್ರಿ?”

“ಎರಡು ಚಿಗಳಿ ತಿಂದ್ರ ಏನೂ ಆಗಂಗಿಲ್ಲಮ್ಮ. ಯಾಕ?”

ಸಣ್ಣಮ್ಮ ನಿಧಾನಕ್ಕೆ ಎಲ್ಲ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು: “ನಿಮಗ ಬಸಿರು ಆಗಿತ್ತಂತ ಯಾರು ಹೇಳಿದ್ರು?”

“ನಮ್ಮತ್ತಿ.”

ಪರೀಕ್ಷೆಯನ್ನೇ ಮಾಡಿಸದ ಮೇಲೆ ಈಗ ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಅದು ಬರೀ ತಡವಾದ ಮುಟ್ಟೇ ಇದ್ದೀತು ಎಂದರು ಡಾಕ್ಟರಮ್ಮ. ಬಸಿರೇ ಆಗಿದ್ದರೂ ಚಿಗಳಿಯಿಂದ ಹೋಗಿಲ್ಲ ಎಂದು ಎರಡು ಸಲ ಹೇಳಿದರು. ಆಟೋ ನಮ್ಮ ಓಣಿಗೆ ತಿರುಗಿದಾಗ ಸಣ್ಣಮ್ಮ ಕೇಳಿದರು: “ಹಂಗಾರ ಇಷ್ಟು ವರ್ಷ ನಾ ಯಾರ ಸಲುವಾಗಿ ಅತ್ತಿದ್ದು?” ಮೇಘಾ ಅವರ ಕೈ ಹಿಡಿದುಕೊಂಡಳು.

ಮೇಘಾ ಈಗ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾಳೆ. ಸಣ್ಣಮ್ಮ ಆ ವಿಷಯ ಮತ್ತೆ ಎತ್ತಿರಲಿಲ್ಲ.

ಇವತ್ತು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಉಂಡೆ ಕಟ್ಟಿ ತಟ್ಟೆ ತುಂಬಿಸಿದ್ದರು. ಒಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ನಾಗಪ್ಪನಿಗೆ ಎಡೆ ಇಡುವ ಮೊದಲು ಮಕ್ಕಳಿಗೂ ಮುಟ್ಟಗೊಡದ ಸಣ್ಣಮ್ಮ ಆ ಚಿಗಳಿಯನ್ನು ಬಾಯಿಗಿಟ್ಟರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದರು.

“ಬೆಲ್ಲ ಕಡಿಮಿ ಐತಲ್ಲ. ಮೊದ್ಲಿಂದ ಹಿಂಗ ಇತ್ತೇನ?”

ಹೌದೆಂದು ತಲೆಯಾಡಿಸಿದೆ.

“ಒಬ್ರಾದ್ರೂ ಹೇಳಬಾರದಾ?” ಎನ್ನುತ್ತಾ ಕಟ್ಟಿದ ಉಂಡೆಗಳನ್ನೆಲ್ಲ ಮತ್ತೆ ಒರಳಿಗೆ ಸುರಿದು, ಬೆಲ್ಲದ ಡಬ್ಬಿ ಎಳೆದುಕೊಂಡರು. ನಾನು ಸೀರೆ ಸೆರಗು ಸಿಕ್ಕಿಸಿ ಅವರ ಎದುರಿಗೆ ಕುಟ್ಟಲು ಕೂತೆ.