ರಾಯದುರ್ಗದಲ್ಲಿ ತಿದ್ದಿದ ಕೊನೆಯ ಸಾಲು

ಬೆಳಗಿನ ಆರು ಗಂಟೆಗೆ ಮಡಕಶಿರಾದಲ್ಲಿ ಬಸ್ಸು ಹತ್ತಿದೆ. ನಾನು ಹಾಡುವವಳು. ಎಪ್ಪತ್ತು ವರ್ಷದ ಹಿಂದಿನ ನಾಟಕ ಕಂಪನಿಗಳ ಹಾಡುಗಳನ್ನು ಗ್ರಾಮಫೋನ್ ಪ್ಲೇಟುಗಳಿಂದ ಕಲಿತು, ಹನ್ನೆರಡು ವರ್ಷಗಳಿಂದ ಊರೂರಲ್ಲಿ ಹಾಡುತ್ತಿದ್ದೇನೆ. ಸೋಮವಾರ ಬೆಂಗಳೂರಿನಲ್ಲಿ ನನ್ನ ಮೊದಲ ಸಿ.ಡಿ.ಯ ರೆಕಾರ್ಡಿಂಗ್. ಅದರ ಮುಖ್ಯ ಹಾಡನ್ನು ಪ್ಲೇಟಿಗೆ ಹಾಡಿದವರ ತಂಗಿ ಸುಂದರಮ್ಮ ರಾಯದುರ್ಗದಲ್ಲಿದ್ದಾರೆಂದು ವಾರದ ಹಿಂದಷ್ಟೇ ತಿಳಿದಿತ್ತು. ಅವರು ಸೈ ಅನ್ನದಿದ್ದರೆ ಆ ಹಾಡನ್ನೇ ಬಿಡುವುದೆಂದು ನಿಶ್ಚಯಿಸಿದ್ದೆ.

ಪಾವಗಡದಲ್ಲಿ ಒಮ್ಮೆ, ಕಲ್ಯಾಣದುರ್ಗದಲ್ಲಿ ಒಮ್ಮೆ ಬಸ್ಸು ಬದಲಿಸಿದೆ. ಟಿಕೆಟ್ಟುಗಳೆಲ್ಲ ಸೇರಿ ಎಪ್ಪತ್ತೆರಡು ರೂಪಾಯಿ. ಕಲ್ಯಾಣದುರ್ಗದಲ್ಲಿ ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ, ಬಜ್ಜಿ ತಿಂದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೊನೆಯ ಬಸ್ಸಿನಲ್ಲಿ ಜನರಿಗಿಂತ ಜೀನ್ಸ್ ಬಟ್ಟೆಯ ಗಂಟುಗಳೇ ಹೆಚ್ಚು. "ನಮ್ಮೂರಾಗ ಈಗ ಮಿಷಿನ್ ಇಲ್ಲದ ಮನಿ ಇಲ್ರಿ," ಎಂದು ಪಕ್ಕದ ಹೆಂಗಸು ಹೆಮ್ಮೆಯಿಂದ ಹೇಳಿದರು.

ಸುಂದರಮ್ಮನ ಮನೆಯಲ್ಲೂ ಮೊಮ್ಮಗಳ ಹೊಲಿಗೆ ಮಿಷಿನ್ ಗಡಗಡಿಸುತ್ತಿತ್ತು. ಎಂಬತ್ತು ದಾಟಿದ ಸುಂದರಮ್ಮ ಪ್ಯಾಂಟುಗಳ ರಾಶಿಯ ನಡುವೆ ಕುಳಿತು, ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುತ್ತಿದ್ದರು. "ಬರ್ರಿ, ಕೂಡ್ರಿ," ಅಂದರು.

ಬಂದ ಕಾರಣ ಹೇಳಿ, ಹಾಡಿದೆ. ಗಂಡನ ದಾರಿ ಕಾಯುವವಳ ಹಾಡು ಅದು. ಕೊನೆಯ ಸಾಲಿನಲ್ಲಿ ಅವನು ಬರುತ್ತಾನೆ. ಅದು ಅವಳ ಕನಸೆಂದೇ ತಿಳಿದು, ನಾನು ದನಿ ಇಳಿಸಿ ಎಳೆದೆಳೆದು ಮುಗಿಸುತ್ತೇನೆ. ಅಲ್ಲಿ ಸಭೆ ಕಣ್ಣೊರೆಸಿಕೊಳ್ಳುತ್ತದೆ. ನನ್ನ ಹೆಸರು ನಿಂತಿರುವುದೇ ಆ ಎಳೆತದ ಮೇಲೆ.

ಸುಂದರಮ್ಮನ ಕತ್ತರಿ ನಿಂತಿತು. "ಕೊನಿಗೆ ಯಾಕ ಅಳ್ತೀಯವ್ವಾ? ಗಂಡ ಬಂದನಲ್ಲ! ನಮ್ಮಕ್ಕ ಆ ಸಾಲು ಹಾಡ್ಕೋತ ಸ್ಟೇಜ್ ತುಂಬ ಓಡತಿದ್ಳು."

"ಪ್ಲೇಟ್‌ನಾಗೆ ಹಂಗೇ ಐತಲ್ಲಜ್ಜಿ. ಚಿಕ್ಕೋಳಿದ್ದಾಗಿಂದ್ಲೂ ಹಂಗೇ ಕೇಳಿದೀನಿ."

"ಗ್ರಾಮಫೋನ್ ಪೆಟ್ಟಿಗಿಗೆ ಕೀ ಎಷ್ಟು ಕೊಡತಿದ್ರಿ?"

ಆಗ ಹೊಳೆಯಿತು. ಸ್ಪ್ರಿಂಗ್ ತುಂಡಾದೀತೆಂದು ನಮ್ಮ ತಾತ ಪೂರ್ತಿ ಕೀ ಕೊಡಲು ಬಿಡುತ್ತಿರಲಿಲ್ಲ. ಪ್ಲೇಟು ಮುಗಿಯುವ ಹೊತ್ತಿಗೆ ಪೆಟ್ಟಿಗೆಗೆ ಸುಸ್ತು; ಪ್ಲೇಟು ನಿಧಾನವಾಗಿ ತಿರುಗಿ, ಹಾಡಿನ ದನಿ ಇಳಿದು ಎಳೆಯುತ್ತಿತ್ತು. ಆ ಸುಸ್ತನ್ನೇ ನಾನು ಹನ್ನೆರಡು ವರ್ಷ ದುಃಖವೆಂದು ಹಾಡಿದ್ದೆ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಗು ಬಂತು.

ಸುಂದರಮ್ಮ ಕತ್ತರಿಯಲ್ಲೇ ತಾಳ ಹಾಕುತ್ತ, ಬೊಚ್ಚು ಬಾಯಲ್ಲಿ ಆ ಸಾಲನ್ನು ಹಾಡಿ ತೋರಿಸಿದರು. ಅಬ್ಬಾ, ಎಂಥ ವೇಗ! ಮೊಮ್ಮಗಳು ಮಿಷಿನ್ ನಿಲ್ಲಿಸಿ ಬಂದಳು. ನನ್ನಿಂದ ಎಂಟು ಸಲ ಹಾಡಿಸಿದರು. ಎಂಟನೆಯ ಸಲಕ್ಕೆ ಅಜ್ಜಿ ಪ್ಯಾಂಟುಗಳನ್ನು ಸರಿಸಿ, ಗೋಡೆ ಹಿಡಿದು ಎದ್ದು, ಎರಡು ಹೆಜ್ಜೆ ಓಡಿಯೇ ಬಿಟ್ಟರು.

"ಈಗ ಬಂದ ನೋಡು!" ಅಂದರು.

ಸಂಜೆ ಬಸ್ಸಿನ ಕಿಟಕಿಯಿಂದ ರಾಯದುರ್ಗದ ಗುಡ್ಡ ಮರೆಯಾಗುವವರೆಗೂ ಆ ಸಾಲನ್ನೇ ಹಾಡುತ್ತಿದ್ದೆ. ರೆಕಾರ್ಡಿಂಗ್ ಮುಗಿಸಿ, ನಾನು ಹಾಡಿ ಜನರನ್ನು ಅಳಿಸಿದ ಊರುಗಳಿಗೆಲ್ಲ ಮತ್ತೆ ಹೋಗಬೇಕು. ಅವನು ಬಂದನೆಂದು ಹೇಳಬೇಕು.