ಬೆನ್ನು ತೋರಿಸಿ ನಿಂತ ಹುಡುಗಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನಗೇ ಗೊತ್ತಿಲ್ಲ. ಕಳೆದ ತಿಂಗಳು ರಕ್ತ ಪರೀಕ್ಷೆಗೆ ಹೋದಾಗ ನರ್ಸ್ ತೋಳಿಗೆ ಸ್ಪಿರಿಟ್ ಸವರಿದರು. ಆ ವಾಸನೆಗೆ ನಮ್ಮೂರು ಕಳಸದ ವಿಡಿಯೋ ಅಂಗಡಿಯ ಅಣ್ಣ ನೆನಪಾದರು. ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಅಣ್ಣ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡುತ್ತಿದ್ದರು. ಅವರು ಬಾಡಿಗೆಗೆ ಕೊಟ್ಟ ಸಿನಿಮಾಗಳೆಲ್ಲ ಸ್ವಲ್ಪ ಹೊಗೆ ವಾಸನೆ ಹೊಡೆಯುತ್ತಿದ್ದವು.

ಎಂಬತ್ತರ ದಶಕದ ಕೊನೆ, ನಾವು ಆಗ ಪಿಯುಸಿ. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿದ್ದ ತಮ್ಮ ಮನೆಯ ಜಗಲಿಯಲ್ಲಿ ಅವರು ಇಂಗ್ಲಿಷ್ ದೆವ್ವದ ಸಿನಿಮಾ ಹಾಕುತ್ತಿದ್ದರು. ಸ್ಟೂಲಿನ ಮೇಲೆ ಕೂತು, ಎಲ್ಲರ ಮಾತನ್ನೂ ಒಂದೇ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಅವರಿಗೂ ಎಷ್ಟು ಅರ್ಥವಾಗುತ್ತಿತ್ತೋ... ಒಮ್ಮೆ ನನ್ನ ಗೆಳೆಯ, ಸಿನಿಮಾದವಳು ಅಷ್ಟುದ್ದ ಮಾತಾಡಿದರೆ ನೀವು ಎರಡೇ ಮಾತು ಹೇಳಿದಿರಿ ಎಂದು ಕೆಣಕಿದ.

"ಉಳಿದದ್ದು ಬರೀ ಬೈಗುಳ ಮಾರಾಯ. ನಿಮ್ಮಪ್ಪಂಗೆ ನಾನು ಉತ್ತರ ಕೊಡ್ಬೇಕಾಗ್ತದೆ," ಎಂದರು.

ಅವರಿಗೆ ನಮ್ಮದೇ ವಯಸ್ಸಿನ ಮಗಳಿದ್ದಳು. ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದಳು. ಅಣ್ಣನ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅಕ್ಕ ನಾಟಿ ಔಷಧಿ ಕುಡಿಸುತ್ತ ಕಾದರಂತೆ. ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತಂತೆ. ತಾಯಿಯೇ ಕೈಯಾರೆ ಮಗಳನ್ನು ಕಳೆದುಕೊಂಡಳು ಎಂದು ಊರಲ್ಲಿ ಆಡಿಕೊಂಡರು. ಅಣ್ಣ ಹಾಗೆ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಆದರೂ ಅಕ್ಕ ಅವರೊಡನೆ ಮಾತು ಬಿಟ್ಟಿದ್ದರು. ಊಟಕ್ಕೆ ಕರೆಯುವುದಕ್ಕೂ ತಟ್ಟೆಯನ್ನು ಸದ್ದಾಗುವಂತೆ ಇಡುತ್ತಿದ್ದರು, ಅಷ್ಟೇ.

ಒಂದು ಭಾನುವಾರ ಹಾಕಿದ ಸಿನಿಮಾ ಮಂಗಳೂರಿನಿಂದ ಬಂದ ಹೊಸ ಕ್ಯಾಸೆಟ್ ಕಟ್ಟಿನದು. ಕಾರಿನ ಅಪಘಾತದಲ್ಲಿ ಸತ್ತ ಹುಡುಗಿ ಮತ್ತೆ ಶಾಲೆಗೆ ಬಂದು ತನ್ನ ಬೆಂಚಿನಲ್ಲೇ ಕೂರುತ್ತಾಳೆ. ಅವಳನ್ನು ಕಾರಿನಲ್ಲೇ ಬಿಟ್ಟು ಓಡಿದ್ದ ಗೆಳೆಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅಣ್ಣ ಅದನ್ನು ಮೊದಲು ನೋಡಿರಲಿಲ್ಲವೆಂದು ಕಾಣುತ್ತದೆ. ಕಥೆ ತಿಳಿಯುತ್ತಿದ್ದಂತೆ ಅವರ ಕೈ ವಿಸಿಆರ್ ಮೆಷಿನ್ನಿನ ಗುಂಡಿಯವರೆಗೆ ಹೋಗಿ ಹಿಂದಕ್ಕೆ ಬಂತು. ಅಷ್ಟರಲ್ಲಿ ಅಕ್ಕ ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ಕೊನೆಗೆ ಹುಡುಗಿ ತನ್ನ ಮನೆಗೆ ಬಂದಳು. ತಾಯಿ ಹೊರಗೆ ಬಂದಳು. ಹುಡುಗಿ ನಮಗೆ ಬೆನ್ನು ತೋರಿಸಿ ತಾಯಿಯ ಎದುರು ನಿಂತಳು. ಮುಖ ಕಾಣುತ್ತಿರಲಿಲ್ಲ. ಅಣ್ಣ ಅದೇ ದನಿಯಲ್ಲಿ ಹೇಳಿದರು:

"ನಿನ್ನಿಂದ ಆಗಿದ್ದಲ್ಲಮ್ಮ."

"ಹಂಗಂದ್ಳಾ?" ಎಂದರು ಅಕ್ಕ.

ಅಣ್ಣ ತಿರುಗಲಿಲ್ಲ. "ಹಂಗೇ ಅಂದ್ಳು."

ಅಕ್ಕ ಬಂದು ಲೋಟವನ್ನು ಅವರ ಕೈಗೆ ಕೊಟ್ಟು, "ಕಾಫಿ ಆರ್ತದೆ," ಎಂದರು.

ಆಮೇಲೆ ಆ ಕ್ಯಾಸೆಟ್ಟನ್ನು ಅಣ್ಣ ಯಾರಿಗೂ ಕೊಡಲಿಲ್ಲ. ಕೇಳಿದವರಿಗೆಲ್ಲ ಬೂಷ್ಟು ಹಿಡಿದಿದೆ ಎಂದರು. ಕೇಬಲ್ ಬಂದ ಮೇಲೆ ಅಂಗಡಿ ಮುಚ್ಚಿ ಇಬ್ಬರೂ ಪಕ್ಕದ ಹೊರನಾಡಿಗೆ ಹೋದರು. ಅಲ್ಲಿ ಒಂದು ಲಾಡ್ಜ್ ನೋಡಿಕೊಳ್ಳುತ್ತಿದ್ದರಂತೆ. ಅಣ್ಣ ತೀರಿಕೊಂಡದ್ದು, ಅದರ ಹಿಂದೆಯೇ ಅಕ್ಕನೂ ಹೋದದ್ದು ನನಗೆ ತಿಳಿಯುವಾಗ ಬಹಳ ತಡವಾಗಿತ್ತು. ಕೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂಬುದು ಮಾತ್ರ ಗೊತ್ತಿತ್ತು.

ನರ್ಸ್ ಸವರಿದ ಆ ಸ್ಪಿರಿಟ್ಟಿನ ವಾಸನೆಯ ನಂತರ ಮೂಡಿಗೆರೆಯಲ್ಲಿರುವ ಅದೇ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಸಿನಿಮಾ ನೆನಪಿದೆ, ಕಾರು ನೆನಪಿದೆ. ಅಕ್ಕ ಹೊರಗೆ ಬಂದದ್ದೇ ನೆನಪಿಲ್ಲ. "ಓದಿ ಓದಿ ನಿಂಗೆ ತಲೆ ಕೆಟ್ಟಿದೆ ಮಾರಾಯ," ಎಂದ. ಇರಬಹುದು. ಅಕ್ಕ ಹಾಗೆ ಕೇಳಿದ್ದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ಕಾಫಿಯ ಲೋಟಕ್ಕೂ ಇಲ್ಲ.

ಸಿನಿಮಾ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದನ್ನು ನೋಡಿದವರು ಹೆಚ್ಚಿಲ್ಲ. ಕೊನೆಯ ದೃಶ್ಯವನ್ನು ಇಯರ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಹುಡುಗಿ ಬೆನ್ನು ತೋರಿಸಿ ತಾಯಿಯ ಎದುರು ನಿಲ್ಲುತ್ತಾಳೆ. ಗಾಳಿಯ ಸದ್ದಿದೆ. ಅವಳು ಏನೂ ಹೇಳುವುದಿಲ್ಲ.