ಏಳನೇ ನಂಬರಿನ ಬಾಗಿಲು

...ಅಥವಾ ಆ ವಾಸನೆ ಮೂಲೆ ಮನೆ ಅಂಕಲ್ ಅಂಗಳದ್ದಲ್ಲವೇನೋ. ಕಳೆದ ವಾರ ಹೊಸ ಟೈಲ್ಸ್ ಹಾಕಿಸಿದ ಮೇಲೆ ತಲೆಬಾಗಿಲು ನೆಲಕ್ಕೆ ತಾಗತೊಡಗಿತು. ಬಡಗಿ ಅದನ್ನು ಕಳಚಿ ಮಲಗಿಸಿ ಕೀಸುಳಿ ಆಡಿಸಿದಾಗ ಒಗರು ವಾಸನೆ ಎದ್ದಿತು. ಎರಡು ಸಲ ಸೀನಿದೆ. ಕೂಡಲೇ ಅಂಕಲ್ ನೆನಪಾದರು. ಇಷ್ಟು ಸಲೀಸಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಆದರೂ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವೆ ಜೆ.ಪಿ. ನಗರದಲ್ಲಿ ನಾವು ಮನೆ ಕಟ್ಟಿಸುತ್ತಿದ್ದೆವು. ಅವರು ಮರಗಳನ್ನು ಪರೀಕ್ಷಿಸುವ ಕಚೇರಿಯೊಂದರಿಂದ ನಿವೃತ್ತರಾಗಿದ್ದರು, ಪರೀಕ್ಷಿಸುವ ಚಟದಿಂದಲ್ಲ. ಯಾರೂ ಬಾಗಿಲಿಗೆ ಬಳಸದ ಮರಗಳ ತುಂಡುಗಳನ್ನು ತೂಗಿ, ತಾರಸಿಯಲ್ಲಿ ಒಣಗಿಸಿ, ಮತ್ತೆ ತೂಗುತ್ತಿದ್ದರು. ಗೆದ್ದಲು ಯಾವುದನ್ನು ಮುಟ್ಟುತ್ತದೆ ನೋಡಲು ಕೆಲವಕ್ಕೆ ತಗಡಿನ ನಂಬರು ಕಟ್ಟಿ ಅಂಗಳದಲ್ಲಿ ಹೂಳುತ್ತಿದ್ದರು. ಪುಟ್ಟ ಸ್ಮಶಾನದ ಹಾಗೆ... ಇಲ್ಲ, ಈ ಹೋಲಿಕೆ ಈಗಿನದು. ಆಗ ನನಗೆ ಬದನೆ ಪಾತಿಯಂತೆ ಕಂಡಿರಬೇಕು.

ನಮ್ಮ ರಸ್ತೆಯಲ್ಲಿ ಗಾಳಿಗೆ ಬಿದ್ದ ಮಳೆಮರವೊಂದನ್ನು, ಅದು ಸೌದೆಗೆ ಹೋಗುವ ಮುಂಚೆ, ಅವರು ಕೊಯ್ಯಿಸಿ ಒಣಗಿಸಿಟ್ಟಿದ್ದರು. "ತಲೆಬಾಗಿಲಿಗೆ ಇದನ್ನೇ ಹಾಕಮ್ಮ, ಸುಮ್ನೆ ಕೊಡ್ತೀನಿ. ತೇಗದಷ್ಟೇ ಗಟ್ಟಿಯಾಗಿ ನಿಲ್ಲತ್ತೆ. ಒಣಗಿಸೋ ತಾಳ್ಮೆ ಯಾರಿಗೂ ಇಲ್ಲ, ಅಷ್ಟೇ" ಎಂದರು. ಸುಮ್ಮನೆ ಕೊಡುತ್ತೇನೆ ಎಂದದ್ದೇ ನನಗೆ ಹಿಡಿಸಲಿಲ್ಲ.

ಅತ್ತೆಗೆ ಬೇರೆ ಚಿಂತೆ. "ಹೊಸ್ತಿಲಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಸೌದೆ ಮರಾನಾ? ನೆಂಟ್ರು ಕೇಳಿದ್ರೆ ಏನಂತ ಹೇಳ್ಲಿ?"

"ತೇಗ ಅಂತ ಹೇಳಮ್ಮ. ಪಾಲಿಶ್ ಹಾಕಿದ್ರೆ ಆ ಮರಾನೂ ನಂಬಿಬಿಡತ್ತೆ" ಎಂದರು ನನ್ನ ಗಂಡ.

ಮಳೆಮರದ ಬಾಗಿಲನ್ನೇ ಹಾಕಿಸಿ, ಹಾಗೆಯೇ ಹೇಳಿದೆವು. ನೆಂಟರು ಬಾಗಿಲು ತಟ್ಟಿ ನೋಡಿ ತಲೆದೂಗಿದರು.

ಪ್ರತಿ ಮಳೆಗಾಲ ಅಂಕಲ್ ಬರುತ್ತಿದ್ದರು. ಕಾಫಿ ಬೇಡ, ಮಾತು ಬೇಡ. ಬಾಗಿಲು ಮುಚ್ಚಿ, ಸಂದಿಯಲ್ಲಿ ಹಳೆಯ ಪೋಸ್ಟ್‌ಕಾರ್ಡೊಂದನ್ನು ಮೇಲಿಂದ ಕೆಳಗೆ ಆಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋಗುತ್ತಿದ್ದರು. ನಮ್ಮನ್ನು ಕಾಣಲು ಬಂದವರಂತೆ ಒಮ್ಮೆಯೂ ಅನ್ನಿಸಲಿಲ್ಲ.

ಮೂರನೆಯ ವರ್ಷವೋ ನಾಲ್ಕನೆಯದೋ, ಗೌರಿ ಹಬ್ಬಕ್ಕೆ ಮನೆ ತುಂಬ ನೆಂಟರಿದ್ದಾಗಲೇ ಬಂದರು. ಕಾರ್ಡು ಆಡಿಸಿ, ಎಲ್ಲರಿಗೂ ಕೇಳುವಂತೆ, "ನೋಡಮ್ಮ, ನಿಮ್ಮ ಮಳೆಮರ ಕೂದಲೆಳೆಯಷ್ಟೂ ಉಬ್ಬಿಲ್ಲ!" ಎಂದರು.

ಅತ್ತೆಯ ಮುಖ ನೋಡಲಾಗಲಿಲ್ಲ. ನಾನು ಅವರ ಹಿಂದೆಯೇ ಗೇಟಿನ ತನಕ ಹೋದೆ. "ನಮ್ಮನೇನ ನಿಮ್ಮ ಲ್ಯಾಬ್ ಮಾಡ್ಕೊಂಡಿದೀರಾ ಅಂಕಲ್? ನಿಮ್ಮನೆಗೆ ಮಾತ್ರ ತೇಗ ಹಾಕ್ಕೊಂಡು!"

ಅವರು ಪೋಸ್ಟ್‌ಕಾರ್ಡನ್ನು ಜೇಬಿಗೆ ಸೇರಿಸಿದರು. "ಬಾಮ್ಮ, ನಮ್ಮ ಬಾಗಿಲನ್ನ ನೀನೇ ಬಂದು ನೋಡು."

ನಾನು ಹೋಗಲಿಲ್ಲ. ಅವರೂ ಮತ್ತೆ ಬರಲಿಲ್ಲ. ಕೆಲವು ಮಳೆಗಾಲಗಳ ನಂತರ ತೀರಿಕೊಂಡರು. ಅವರ ಮನೆ ಕೆಡವಿ ಫ್ಲ್ಯಾಟು ಎಬ್ಬಿಸಿದರು.

ಕಳೆದ ವಾರ ಬಡಗಿ ಬಾಗಿಲ ಮೇಲಂಚಿನ ಧೂಳು ಒರೆಸಿದಾಗ ಪೆನ್ಸಿಲಿನಲ್ಲಿ ಬರೆದ '೭' ಕಾಣಿಸಿತು. ನಮ್ಮ ಬಾಗಿಲೂ ಅವರ ಪರೀಕ್ಷೆಯ ತುಂಡೇ, ಅಂಕಲ್ ಸಿಕ್ಕಿಬಿದ್ದರು ಎಂದುಕೊಂಡೆ, ಇಷ್ಟು ವರ್ಷಗಳ ಮೇಲೂ ಗೆದ್ದವಳ ಹಾಗೆ. "ಮಿಲ್ಲಲ್ಲಿ ಕೊಯ್ದ ಹಲಗೆಗೂ ನಂಬರ್ ಹಾಕ್ತಾರೆ ಮೇಡಂ" ಎಂದ ಬಡಗಿ. "ಇದು ತೇಗ ಅಲ್ಲ ಬಿಡಿ. ಆದ್ರೆ ಒಂಚೂರೂ ತಿರುಚ್ಕೊಂಡಿಲ್ಲ. ಯಾರು ಕೊಟ್ರು?"

ನಮ್ಮದು ಏಳನೆಯದಾದರೆ ಒಂದನೆಯದು ಯಾರ ಮನೆಯಲ್ಲಿತ್ತು? ಅಂಕಲ್ ಮನೆ ಬಾಗಿಲಿಗೆ ದಪ್ಪಗೆ ಹಸಿರು ಬಣ್ಣ ಬಳಿದಿತ್ತು. ಅದರ ಅಡಿಯ ಮರವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ನಾನು ತೇಗ ಎಂದದ್ದು ಬರೀ ಸಿಟ್ಟಿನಲ್ಲಿ. ಮನೆ ಕೆಡವಿದಾಗ ಹಳೆ ಮರದ ವ್ಯಾಪಾರಿ ಆ ಬಾಗಿಲನ್ನು ಲಾರಿಗೆ ಏರಿಸುವುದನ್ನು ಕಿಟಕಿಯಿಂದ ನೋಡಿದ್ದೆ. ಇಳಿದು ಹೋಗಿ ಉಗುರಿನಿಂದ ಒಂದಿಷ್ಟು ಬಣ್ಣ ಕೆರೆದಿದ್ದರೆ ಸಾಕಿತ್ತು.

ಅದು ಯಾವ ಮರದ್ದೋ, ನನಗೆ ಗೊತ್ತಿಲ್ಲ.